ಸೇವಂತಿಗೆ ಕಾಯಿಲೆ ಇರಲಿಲ್ಲ

ಪೋಲಿಷ್ ದುಭಾಷಿ ಬಂದಿದ್ದಾರೆ ಎಂದು ನರ್ಸ್ ಹೇಳಿದ ಕೂಡಲೇ ರೋಗಿಗಳು ಬಾಗಿಲ ಕಡೆ ತಿರುಗುತ್ತಾರೆ. ಬಾಗಿಲಲ್ಲಿ ನಿಂತಿರುವುದು ಮೂಗುತಿ ತೊಟ್ಟ, ಚೂಡಿದಾರದ ಮೇಲೆ ಮಳೆಕೋಟು ಹಾಕಿಕೊಂಡ ಕಪ್ಪು ಹೆಂಗಸು. ಅವರ ಕಣ್ಣು ಅವಳನ್ನು ದಾಟಿ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೋ ಎಂದು ಹುಡುಕುತ್ತದೆ. ಸೇವಂತಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿದೆ. ಕುರ್ಚಿ ಎಳೆದು ಕೂತು ಅವಳು ಬಾಯಿ ತೆರೆದರೆ ಮುಗಿಯಿತು, ಮುದುಕರ ಮುಖ ಅರಳುತ್ತದೆ. ಪಾಠದ ಪುಸ್ತಕದ ಪೋಲಿಷ್ ಅಲ್ಲ ಅದು. ವೂಚ್ ಎಂಬ ಗಿರಣಿ ನಗರದ ನೇಯ್ಗೆಯ ಹೆಂಗಸರು ಆಡುವ, ಅಕ್ಷರ ನುಂಗುವ, ಎರಡು ಕೋಣೆಯಾಚೆಗೂ ಕೇಳಿಸುವ ಪೋಲಿಷ್.

"ಇಷ್ಟು ಜೋರಾಗಿ ಯಾಕಮ್ಮ ಮಾತಾಡ್ತೀ?" ಎಂದು ಒಬ್ಬಾಕೆ ಕೇಳಿದ್ದಳು.

"ನನಗೆ ಕಲಿಸಿದವಳಿಗೆ ಮಗ್ಗದ ಸದ್ದಿನಿಂದ ಅರ್ಧ ಕಿವುಡು" ಎಂದಿದ್ದಳು ಸೇವಂತಿ.

ಬರ್ಮಿಂಗ್‌ಹ್ಯಾಮಿನಲ್ಲಿ ಅವಳು ಸಂಸಾರ ಹೂಡಿ ಮೂವತ್ತೆಂಟು ವರ್ಷ. ಮೊದಲು ಸೆಲ್ಲಿ ಓಕ್‌ನಲ್ಲಿ ಬಾಡಿಗೆಯ ಸಾಲುಮನೆ, ಆಮೇಲೆ ಹಾರ್ಬೋರ್ನ್‌ನಲ್ಲಿ ಸ್ವಂತದ್ದು. ಗಂಡ ಮೋಹನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವನು, ಈಗ ನಿವೃತ್ತ. ಮಗಳು ದೀಕ್ಷಿತಾ ನಾಟಿಂಗ್‌ಹ್ಯಾಮಿನಲ್ಲಿ ಡಾಕ್ಟರ್. ಸೇವಂತಿ ಮಾತ್ರ ಅರವತ್ತನಾಲ್ಕಾದರೂ ಆಸ್ಪತ್ರೆಯ ದುಭಾಷಿಗಳ ಪಾಳಿಪಟ್ಟಿಯಲ್ಲಿ ಹೆಸರು ಉಳಿಸಿಕೊಂಡಿದ್ದಾಳೆ. ಮಂಗಳೂರಿನ ಬಂಟರ ಹುಡುಗಿಗೆ ಈ ಭಾಷೆ ಎಲ್ಲಿಂದ ಬಂತು ಎಂದು ಇಲ್ಲಿನ ಕನ್ನಡದವರು ಕೇಳಿದಾಗ, "ಓದೋದಕ್ಕೆ ಹೋಗಿದ್ದೆ, ಓದು ಮುಗೀಲಿಲ್ಲ" ಎಂದಷ್ಟೇ ಹೇಳುತ್ತಿದ್ದಳು. ಮುಚ್ಚಿಡಬೇಕೆಂದಲ್ಲ. ಮದುವೆ ಮನೆಯಲ್ಲೋ ಹಬ್ಬದ ಊಟದಲ್ಲೋ ನಿಂತು ಹೇಳುವ ವಿಷಯ ಅದಲ್ಲ ಎಂದು ಅವಳ ಲೆಕ್ಕ.

ಕಳೆದ ಅಕ್ಟೋಬರಿನಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಅಶ್ವಥ್ ವಾಟ್ಸಾಪಿನಲ್ಲಿ ಒಂದು ಆಮಂತ್ರಣ ಪತ್ರಿಕೆ ಕಳಿಸಿದ. ಸೇವಂತಿಯ ತೀರಿಹೋದ ಅಪ್ಪ ರತ್ನಾಕರ ಶೆಟ್ಟರು ಹುಟ್ಟಿ ಅದು ನೂರನೆಯ ವರ್ಷ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಯೂನಿಯನ್ ಕಟ್ಟಿದವರು ಅವರು. ಆ ಕಾರ್ಖಾನೆಗಳಲ್ಲಿ ಮಣ್ಣು ತುಳಿದವರ ಮೊಮ್ಮಕ್ಕಳು ಈಗ ಇಂಗ್ಲೆಂಡಿನ ಆಸ್ಪತ್ರೆ, ಬ್ಯಾಂಕುಗಳಲ್ಲಿದ್ದಾರೆ. ಅವರೆಲ್ಲ ಸೇರಿ ಶತಮಾನದ ನೆನಪು ಮಾಡೋಣವೆಂದು ಹೊರಟಿದ್ದರು. ಅಪ್ಪನ ಶಿಷ್ಯನಂತೆ ಬೆಳೆದ ದಿವಾಕರ ಮ್ಯಾಂಚೆಸ್ಟರಿನ ಮಗನ ಮನೆಗೆ ಬಂದಿದ್ದರಿಂದ ಅವರೇ ಮುಖ್ಯ ಭಾಷಣಕಾರರು. ಎರಡನೆಯ ಮಾತು ಸೇವಂತಿಯದು. ಅವಳ ಹೆಸರಿನ ಕೆಳಗೆ ಪರಿಚಯದ ಎರಡು ಸಾಲು: 'ಸಮಾಜವಾದಿ ಪೋಲೆಂಡಿನ ವಿದ್ಯಾರ್ಥಿವೇತನ ಪಡೆದು ಜವಳಿ ತಂತ್ರಜ್ಞಾನ ಅಭ್ಯಾಸ ಮಾಡಿದರು. ಅನಾರೋಗ್ಯದ ನಿಮಿತ್ತ ತಾಯ್ನಾಡಿಗೆ ಮರಳಿದರು.'

ಸೇವಂತಿ ಒಲೆ ಆರಿಸಿ ಫೋನು ಮಾಡಿದಳು.

"ಅಶ್ವಥ್, ನನಗೆ ಯಾವ ಕಾಯಿಲೆ ಇತ್ತು ಮಾರಾಯ?"

"ಅಯ್ಯೋ, ಅದು ದಿವಾಕರಣ್ಣ ಬರೆದುಕೊಟ್ಟದ್ದು ಅಕ್ಕಾ. ನನಗೇನು ಗೊತ್ತು?"

"ತೆಗಿ ಅದನ್ನ."

"ಎಲ್ಲರಿಗೂ ಫಾರ್ವರ್ಡ್ ಆಗಿ ಹೋಗಿದೆ ಅಕ್ಕಾ. ಯಾರು ಓದ್ತಾರೆ ಅದನ್ನೆಲ್ಲ? ಬಿಡಿ."

"ನಾನು ಓದಿದೆ" ಎಂದು ಅವಳು ಫೋನಿಟ್ಟಳು.

ಆ ಕಾಯಿಲೆ ಅವಳಿಗೆ ಹೊಸದಲ್ಲ. ಸಾವಿರದ ಒಂಬೈನೂರ ಎಂಬತ್ತೆರಡರಲ್ಲೇ ಇದೇ ದಿವಾಕರಣ್ಣ ಅದನ್ನು ಅವಳಿಗೆ ಅಂಟಿಸಲು ನೋಡಿದ್ದರು.

ರತ್ನಾಕರ ಶೆಟ್ಟರು ನಿಜವಾಗಿ ದೊಡ್ಡ ಮನುಷ್ಯ. ಹಂಚಿನ ಕಾರ್ಖಾನೆಯ ಹೆಂಗಸರಿಗೆ ಗಂಡಸರ ಅರ್ಧ ಕೂಲಿ ಇದ್ದ ಕಾಲದಲ್ಲಿ ಅವರು ಗೇಟಿನ ಮುಂದೆ ಕೂತವರು. ಒಂದು ಮುಷ್ಕರದಲ್ಲಿ ಪೊಲೀಸರು ಹಿಡಿದುಕೊಂಡು ಹೋಗಿ, ಉಳಿದವರ ಹೆಸರು ಹೇಳು ಎಂದು ಬಡಿದಾಗ ಅವರ ಬಾಯಿಂದ ಬಂದದ್ದು ತುಳುವಿನ ಒಂದೇ ಮಾತು: "ಪನ್ಪುಜಿ." ಹೇಳುವುದಿಲ್ಲ. ಆ ಮಾತು ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿತು. ಬಾವುಟದ ಮೆರವಣಿಗೆಯಲ್ಲಿ ಮಕ್ಕಳೂ ಅದನ್ನು ಕೂಗುತ್ತಿದ್ದರು. ಮನೆಯಲ್ಲಿ ಮಾಸ್ಕೋದಿಂದ ಬಂದ ಅಗ್ಗದ ಕನ್ನಡ ಪುಸ್ತಕಗಳ ರಾಶಿ. ಭಾನುವಾರ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಮಾರಿ ಬರುತ್ತಿದ್ದರು. ಭೂಮಿಯ ಮೇಲೆ ದುಡಿಯುವವರ ರಾಜ್ಯ ಒಂದಿದೆ ಎನ್ನುವುದು ಅವರಿಗೆ ಬೆಳಗಾಗುತ್ತದೆ ಎಂಬಷ್ಟೇ ಸಹಜವಾದ ನಂಬಿಕೆ. ಆ ರಾಜ್ಯದ ಬಳಗದ ಒಂದು ದೇಶಕ್ಕೆ ಓದಲು ಮಗಳೇ ಆಯ್ಕೆಯಾದಾಗ ಅವರು ಬಂದರಿನ ತನಕ ನಡೆದುಹೋಗಿ ಸಿಕ್ಕಸಿಕ್ಕವರಿಗೆ ಲಾಡು ಹಂಚಿದ್ದರು.

ಎಪ್ಪತ್ತೊಂಬತ್ತರ ಚಳಿಗಾಲಕ್ಕೆ ಮುಂಚೆ ಸೇವಂತಿ ವೂಚ್ ತಲುಪಿದಳು. ಕೆಂಪು ಇಟ್ಟಿಗೆಯ ಗಿರಣಿಗಳು, ಹೊಗೆಕೊಳವೆಗಳು, ಟ್ರಾಮುಗಳು. ಮೊದಲ ವರ್ಷ ಭಾಷೆ ಕಲಿತು, ಎರಡನೆಯ ವರ್ಷ ಕಾಲೇಜು ಸೇರಿದಳು. ಹಾಸ್ಟೆಲಿನ ಕೋಣೆಯಲ್ಲಿ ಜತೆಗಿದ್ದವಳು ಬೊಝೆನಾ, ಅದೇ ಊರಿನ ನೇಯ್ಗೆಯವಳ ಮಗಳು. ಭಾನುವಾರ ಇಬ್ಬರೂ ಬೊಝೆನಾಳ ತಾಯಿ ಹೆಲೆನಾಳ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಹೆಲೆನಾ ಬೆಳಗಿನ ಪಾಳಿ ಮುಗಿಸಿ, ಮಾಂಸದ ಅಂಗಡಿಯ ಸಾಲಿನಲ್ಲಿ ನಿಂತು, ಬರಿಗೈಯಲ್ಲಿ ಬಂದು, ಬಟಾಟೆ ಬೇಯಿಸುತ್ತಿದ್ದಳು.

"ನಮಗೂ ಮಾಸ್ಕೋಗೂ ವ್ಯಾಪಾರ ಚೆನ್ನಾಗಿದೆ" ಎಂದು ಅವಳು ಕೂಗಿ ಹೇಳುತ್ತಿದ್ದಳು, ತನ್ನ ಕಿವಿಗೆ ಕೇಳಲಿ ಎಂದು. "ನಾವು ಅವರಿಗೆ ಬಟ್ಟೆ ಕೊಡ್ತೇವೆ. ಬದಲಿಗೆ ಅವರು ನಮ್ಮ ಕಲ್ಲಿದ್ದಲು ತಗೊಳ್ತಾರೆ."

ಎಲ್ಲರೂ ನಗುತ್ತಿದ್ದರು. ಆದರೆ ಸೇವಂತಿಗೆ ಅಪ್ಪ ಕಲಿಸಿದ ಒಂದು ಬುದ್ಧಿ ಇತ್ತು: ಎಲ್ಲಿ ಹೋದರೂ, ದುಡಿಯುವವರು ಏನು ಹೇಳುತ್ತಾರೆ ಎಂದು ಮೊದಲು ಕೇಳು. ಅವಳು ಕೇಳತೊಡಗಿದಳು. ಕೇಳಿದಂತೆಲ್ಲ ಅಪ್ಪನ ಪುಸ್ತಕಗಳಲ್ಲಿ ಇಲ್ಲದ್ದು ಹೊರಬಂತು. ಇಲ್ಲಿನ ಮಂತ್ರಿ ಯಾರಾಗಬೇಕು ಎನ್ನುವುದಕ್ಕೆ ಮಾಸ್ಕೋದಿಂದ ಒಪ್ಪಿಗೆ ಬರಬೇಕು. ಜವಳಿ ಓದುವ ಹುಡುಗಿಗೂ ರಷ್ಯನ್ ಭಾಷೆ ಕಡ್ಡಾಯ. ಗಡಿಯಲ್ಲಿ ರಷ್ಯದ ದೊಡ್ಡ ಸೈನ್ಯ ಅಭ್ಯಾಸ ನಡೆಸುತ್ತದೆ, ಅದನ್ನು ಟೀವಿಯಲ್ಲಿ ದಿನವೂ ತೋರಿಸುತ್ತಾರೆ. ಹಿಂದೆ ಪ್ರಾಗ್ ನಗರಕ್ಕೆ ಅದೇ ಸೈನ್ಯದ ಟ್ಯಾಂಕು ಹೋದದ್ದನ್ನು ಯಾರೂ ಮರೆಯದ ಹಾಗೆ.

ಎಂಬತ್ತೊಂದರ ಬೇಸಿಗೆಯಲ್ಲಿ ಮನೆಯಲ್ಲಿ ಉಣ್ಣಲು ಇಲ್ಲವೆಂದು ಗಿರಣಿ ಹೆಂಗಸರು ಬೀದಿಗಿಳಿದರು. ಸಾವಿರಗಟ್ಟಲೆ ಹೆಂಗಸರು, ಮಕ್ಕಳ ಕೈಗಾಡಿ, ಖಾಲಿ ಪಾತ್ರೆ. ಪರದೇಶದ ವಿದ್ಯಾರ್ಥಿಗಳು ಹಾಸ್ಟೆಲ್ ಬಿಡಕೂಡದು ಎಂದು ಆಜ್ಞೆಯಾಗಿತ್ತು. ಹೆಲೆನಾ ಒಂದು ಪಾತ್ರೆ, ಒಂದು ಸೌಟು ಅವಳ ಕೈಗಿತ್ತು, "ಬರ್ತೀಯಾ?" ಎಂದಳು. ಸೇವಂತಿ ಹೋದಳು. ದಾರಿಯುದ್ದಕ್ಕೂ ಪಾತ್ರೆ ಬಡಿದಳು. ಬಾವುಟ ಬೇರೆ, ಭಾಷೆ ಬೇರೆ. ಹೆಂಗಸರ ಬಿರಿದ ಕೈಗಳು ಮಾತ್ರ ಹಂಚಿನ ಕಾರ್ಖಾನೆಯವರದ್ದೇ ಎಂದು ಅವಳಿಗೆ ಅನಿಸಿತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಎದ್ದಾಗ ಫೋನು ಸತ್ತಿತ್ತು. ಟೀವಿಯಲ್ಲಿ ಸಮವಸ್ತ್ರದ ಸೇನಾಪತಿ ದೇಶದಲ್ಲಿ ಸೇನಾಡಳಿತ ಬಂದಿದೆ ಎಂದು ಹೇಳುತ್ತಿದ್ದ. ಕಿಟಕಿಯಾಚೆ ಹಿಮದಲ್ಲಿ ಟ್ಯಾಂಕು, ರಷ್ಯದ್ದಲ್ಲ, ಪೋಲೆಂಡಿನದ್ದೇ. ಬೊಝೆನಾಳನ್ನು ಆ ಹೊತ್ತಿಗಾಗಲೇ ಪೊಲೀಸರು ಹಿಡಿದು ಕೊಂಡೊಯ್ದಿದ್ದರು.

ಜನವರಿಯಲ್ಲಿ ಸೇವಂತಿಗೆ ಕರೆ ಬಂತು. ಉದ್ದ ಮೇಜಿನ ಹಿಂದೆ ಕಾಲೇಜಿನವರು ಮೂವರು, ಕೊನೆಯಲ್ಲಿ ಹೆಸರು ಹೇಳದ ಒಬ್ಬ. ಕೇಳಿದ್ದು ಬಹಳ ಮರ್ಯಾದೆಯಿಂದ. ಬೊಝೆನಾ ಕೋಣೆಯಲ್ಲಿ ಕರಪತ್ರ ಇಟ್ಟಿದ್ದಳಲ್ಲವೆ? ಯಾರು ಯಾರು ಬರುತ್ತಿದ್ದರು? ಅಷ್ಟು ಹೇಳಿದರೆ ಸಾಕು, ಮೆರವಣಿಗೆಗೆ ಹೋದದ್ದನ್ನು ಮರೆಯುತ್ತೇವೆ. ನಿಮ್ಮ ತಂದೆ ನಮ್ಮ ಗೆಳೆಯರು, ಅವರಿಗೂ ಇದೇ ಇಷ್ಟವಾಗುತ್ತದೆ.

ಆ ಕೊನೆಯ ಮಾತು ಕೇಳದೆ ಹೋಗಿದ್ದರೆ ಅವಳು ಹೆದರಿ ಏನಾದರೂ ತೊದಲುತ್ತಿದ್ದಳೋ ಏನೋ. ಅಪ್ಪನ ಹೆಸರು ಬಂದದ್ದೇ ಬೆನ್ನು ನೆಟ್ಟಗಾಯಿತು. "ಪನ್ಪುಜಿ" ಎಂದಳು. ಅವರು ಮುಖಮುಖ ನೋಡಿಕೊಂಡರು. ಆಮೇಲೆ ಪೋಲಿಷಿನಲ್ಲಿ, ಹೆಲೆನಾಳ ಗಟ್ಟಿ ಗಂಟಲಲ್ಲಿ ಹೇಳಿದಳು: "ಹೇಳುವುದಿಲ್ಲ. ನಾನು ನೋಡಿದ್ದು ಖಾಲಿ ಪಾತ್ರೆ. ಬೇಕಾದರೆ ಅದನ್ನು ಹೇಳುತ್ತೇನೆ, ಬರೆದುಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ಆ ತಿಂಗಳೇ ವಿದ್ಯಾರ್ಥಿವೇತನ ನಿಂತಿತು. ಹಿಮ ಕರಗುವ ಹೊತ್ತಿಗೆ ಅವಳು ಊರಲ್ಲಿದ್ದಳು.

ಮೂರನೆಯ ದಿನ ಅಪ್ಪ ಹೇಳಿದ್ದು ಇಷ್ಟೇ: "ದುಡಿಯುವವರ ಸರ್ಕಾರ ದುಡಿಯುವವರನ್ನು ಒಳಗೆ ಹಾಕುವುದಿಲ್ಲ." ಸೇವಂತಿ, "ಹಾಕಿದೆ ಅಪ್ಪ, ನಾನು ನೋಡಿದೆ" ಎಂದಳು. ಆ ಸಂಜೆ ದಿವಾಕರಣ್ಣ ಬಂದು ಜಗಲಿಯಲ್ಲಿ ಕೂತು ಉಪಾಯ ಹೇಳಿದರು. ಚಳಿಗೆ ಶ್ವಾಸಕೋಶ ಕೆಟ್ಟಿತು, ಡಾಕ್ಟರು ವಾಪಸು ಕಳಿಸಿದರು ಎನ್ನೋಣ. ಯೂನಿಯನ್ನಿನ ಮರ್ಯಾದೆ ಉಳಿಯುತ್ತದೆ, ನಿನ್ನದೂ. ಆಗ ಸೇವಂತಿ ಎದ್ದು ಬಾವಿಕಟ್ಟೆಯವರೆಗೆ ಓಡಿ, ಓಡಿ ವಾಪಸು ಬಂದು, ಅವರೆದುರು ನಿಂತು ಉಸಿರೆಳೆದು ತೋರಿಸಿದ್ದಳು. "ಸರಿ ಇದೆ ನನ್ನ ಶ್ವಾಸಕೋಶ. ಕೇಳಿದವರಿಗೆಲ್ಲ ನಡೆದದ್ದನ್ನೇ ಹೇಳ್ತೇನೆ."

ಹೇಳಿದಳು ಕೂಡ. ಅದಕ್ಕೆ ಮನೆಗೆ ಬರುವವರು ಕಡಿಮೆಯಾದರು. ಮುಂದೆ ಮದುವೆಯಾಗಿ ಇಂಗ್ಲೆಂಡಿಗೆ ಬಂದಳು. ಎಂಬತ್ತೊಂಬತ್ತರಲ್ಲಿ ಪೋಲೆಂಡಿನಲ್ಲಿ ಚುನಾವಣೆಯಾಗಿ ಗಿರಣಿಯವರ ಪರ ನಿಂತಿದ್ದ ಕಾರ್ಮಿಕ ಸಂಘಟನೆಯವರು ಗೆದ್ದಾಗ ಸೆಲ್ಲಿ ಓಕ್‌ನ ಫೋನ್ ಬೂತಿನಿಂದ ಅಪ್ಪನಿಗೆ ಫೋನು ಮಾಡಿದ್ದಳು. "ಅಮೆರಿಕದವರ ದುಡ್ಡು" ಎಂದರು ಅವರು. "ಹೆಲೆನಾಳ ಪಾತ್ರೆಯಲ್ಲಿ ಯಾವ ದುಡ್ಡೂ ಇರಲಿಲ್ಲ" ಎಂದಳು ಇವಳು. ಅವರಿಗೆ ಹುಷಾರಿಲ್ಲದಾದ ಮೇಲೂ ಜಗಳ ನಿಲ್ಲಲಿಲ್ಲ. ಒಬ್ಬರೂ ಬಗ್ಗಲಿಲ್ಲ, ಒಬ್ಬರೂ ಮಾತು ಬಿಡಲೂ ಇಲ್ಲ. ಸೋವಿಯತ್ ಒಕ್ಕೂಟ ಒಡೆಯುವ ಹಿಂದಿನ ವರ್ಷ ಅವರು ತೀರಿಕೊಂಡರು. ಅದನ್ನು ನೋಡದೆ ಹೋದರಲ್ಲ ಎಂದು ಸೇವಂತಿಗೆ ಸಮಾಧಾನವೇ ಆಗಿತ್ತು. ಅಪ್ಪನನ್ನು ಸೋಲಿಸುವ ಆಸೆ ಅವಳಿಗೆ ಎಂದೂ ಇರಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ದಿವಾಕರಣ್ಣ ಹಾರ್ಬೋರ್ನ್‌ನ ಮನೆಗೆ ಊಟಕ್ಕೆ ಬಂದರು. ಎಪ್ಪತ್ತೇಳಾದರೂ ನಡಿಗೆ ಚುರುಕು. ನೀರುದೋಸೆ, ಬಂಗುಡೆ ಪುಳಿಮುಂಚಿ ಬಡಿಸಿ, ಸೇವಂತಿ ವಿಷಯ ಎತ್ತಿದಳು.

"ದಿವಾಕರಣ್ಣ, ಆ ಅನಾರೋಗ್ಯ ಯಾಕೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ?"

"ನಿನ್ನ ಅಪ್ಪನ ನೂರನೇ ವರ್ಷ ಸೇವಂತಿ. ಆ ಹಳೇ ಗಲಾಟೆ ಯಾಕೆ? ಎಪ್ಪತ್ತೊಂದರ ಯುದ್ಧದಲ್ಲಿ ಅಮೆರಿಕದ ಹಡಗು ಬಂಗಾಳ ಕೊಲ್ಲಿಗೆ ಬಂದಾಗ ನಮ್ಮ ಪರ ನಿಂತವರು ಯಾರು? ಉಕ್ಕಿನ ಕಾರ್ಖಾನೆ ಕಟ್ಟಿಕೊಟ್ಟವರು ಯಾರು? ನಿನ್ನನ್ನು ಓದಲು ಕರೆಸಿಕೊಂಡವರು ಯಾರು?"

"ಅದಷ್ಟೂ ನಿಜ."

"ಮತ್ತೆ?"

"ಕೊಟ್ಟದ್ದು ನಿಜ ಅಂತ ಕಂಡದ್ದು ಸುಳ್ಳಾಗ್ತದಾ? ಪುಸ್ತಕ ಕೊಟ್ಟರು ಅಂತ ಬಾಯಿ ಮುಚ್ಚಬೇಕಾ?"

ದಿವಾಕರಣ್ಣ ಮೀನಿನ ಮುಳ್ಳು ತೆಗೆಯುತ್ತ, "ವೇದಿಕೆಯಲ್ಲಿ ಮಾತ್ರ ಬೇಡ" ಎಂದರು. ಮೋಹನ ಅವರಿಗೆ ಇನ್ನೊಂದು ದೋಸೆ ಹಾಕಿ, "ಅವಳಿಗೆ ಬೇಡ ಅನ್ನಬೇಡಿ ಅಣ್ಣ. ನಾನು ಬಿಟ್ಟು ವರ್ಷಗಳಾದವು" ಎಂದ.

ಮರುದಿನ ಸಭಾಂಗಣ ತುಂಬಿತ್ತು. ದಿವಾಕರಣ್ಣ ಚೆನ್ನಾಗಿಯೇ ಮಾತಾಡಿದರು. ಮುಷ್ಕರ, ಪೊಲೀಸರ ಬೂಟು, "ಪನ್ಪುಜಿ". ಆ ಮಾತು ಬಂದಾಗ ಕರಾವಳಿಯವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಅಶ್ವಥ್ ಮೈಕಿನ ಮುಂದೆ ಬಂದು ಸೇವಂತಿಯ ಪರಿಚಯ ಓದಿದ. ಅನಾರೋಗ್ಯದ ಸಾಲಿಗೆ ಬಂದಾಗ ಅವನ ದನಿ ಸಣ್ಣದಾಯಿತು, ಆದರೂ ಓದಿಯೇ ಬಿಟ್ಟ.

ಸೇವಂತಿ ಮೈಕು ಕೈಗೆ ತೆಗೆದುಕೊಂಡಳು. "ಮೊದಲನೇ ಮಾತು: ನನಗೆ ಯಾವ ಕಾಯಿಲೆಯೂ ಇರಲಿಲ್ಲ."

ನಗು ಎದ್ದಿತು. ಅವಳು ನಗದೆ ನಿಂತದ್ದು ನೋಡಿ ಅಡಗಿತು. ಪಾತ್ರೆಯ ಮೆರವಣಿಗೆ, ಹಿಮದಲ್ಲಿನ ಟ್ಯಾಂಕು, ಉದ್ದ ಮೇಜು, ಎಲ್ಲವನ್ನೂ ನಡೆದಂತೆ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ಡಾಕ್ಟರ್ ಶಿವಗಂಗಾ, ಕಲಬುರ್ಗಿ ಕಡೆಯವಳು, ಕುಳಿತಲ್ಲಿಂದಲೇ ಕೇಳಿದಳು: "ಮತ್ತ ರಷ್ಯದ ಸೈನ್ಯ ಬರಲೇ ಇಲ್ಲಂದ್ರ ಅವರನ್ಯಾಕ ಬೈತೀರಿ ಅಕ್ಕಾರ? ಟ್ಯಾಂಕ್ ಪೋಲೆಂಡದವರದಲ್ಲೇನ್ರಿ?"

"ಒಳ್ಳೇ ಪ್ರಶ್ನೆ" ಎಂದಳು ಸೇವಂತಿ. "ನಮ್ಮ ಕಡೆ ಗುತ್ತಿನ ದಣಿಗಳಿದ್ದರು, ಊರಿನ ಜಮೀನ್ದಾರರು. ಒಕ್ಕಲ ಮನೆಯಲ್ಲಿ ಯಾರಾದರೂ ತಲೆ ಎತ್ತಿದರೆ ದಣಿ ಬಂದು ಹೊಡೀಬೇಕಂತಿಲ್ಲ. ಚಾವಡಿಯಲ್ಲಿ ಕೂತು ಕೆಮ್ಮಿದರೆ ಸಾಕು, ಒಕ್ಕಲಿನವನೇ ಹೆದರಿ ತನ್ನ ಮಗನಿಗೆ ಬಡೀತಿದ್ದ. ದಣಿಯ ಕೈಗೆ ಮಸಿ ಇಲ್ಲ. ಆ ಕೆಮ್ಮು ಮಾಸ್ಕೋದಿಂದ ಬರ್ತಿತ್ತು. ವಾರ್ಸಾದಲ್ಲಿ ಕೇಳಿಸ್ತಿತ್ತು, ಪ್ರಾಗಿನಲ್ಲಿ, ಬುಡಾಪೆಸ್ಟಿನಲ್ಲಿ ಕೇಳಿಸ್ತಿತ್ತು. ಅಮೆರಿಕಕ್ಕೂ ತನ್ನದೇ ಚಾವಡಿ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ನಾನು ನಿಂತಿದ್ದ ಅಂಗಳ ಇದು. ನಾನು ಕಂಡದ್ದನ್ನು ನಾನು ಹೇಳ್ಬೇಕು."

ದಿವಾಕರಣ್ಣ ಎದ್ದು ನಿಂತರು. "ಇದು ರತ್ನಾಕರ ಶೆಟ್ಟರಿಗೆ ಮಾಡುವ ಅವಮಾನ. ಅವರಿದ್ದರೆ ಎದ್ದು ಹೋಗ್ತಿದ್ದರು."

"ಹೋಗ್ತಿದ್ದರು" ಎಂದಳು ಸೇವಂತಿ. "ಹೋಗಲಿ. ಈಗಷ್ಟೇ ಅವರ 'ಪನ್ಪುಜಿ'ಗೆ ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಅದೇ ಮಾತನ್ನು ಅವರ ಮಗಳು ವೂಚ್‌ನಲ್ಲಿ ಹೇಳಿದ್ದಕ್ಕೆ ಕಾಯಿಲೆ ಅಂತ ಹೆಸರಿಟ್ಟಿರಿ. ಮಂಗಳೂರಿನ ಪೊಲೀಸರಿಗೆ ಹೇಳಿದರೆ ಶೌರ್ಯ, ಅಲ್ಲಿನ ಪೊಲೀಸರಿಗೆ ಹೇಳಿದರೆ ಅನಾರೋಗ್ಯ, ಇದು ಎಂತಹ ನ್ಯಾಯ ದಿವಾಕರಣ್ಣ?"

ಹಿಂದಿನ ಸಾಲಿನಲ್ಲಿ ಎರಡು ಸಂಸಾರ ಎದ್ದು ಹೊರಟವು. ಕೆಲವರು ಮೊಬೈಲು ನೋಡತೊಡಗಿದರು. ಶಿವಗಂಗಾ ತಟ್ಟಿದ ಚಪ್ಪಾಳೆಗೆ ಅಲ್ಲಲ್ಲಿ ಜತೆ ಸಿಕ್ಕಿತು, ಸಭೆ ತುಂಬುವಷ್ಟೇನೂ ಅಲ್ಲ. ನಾಟಿಂಗ್‌ಹ್ಯಾಮಿನಿಂದ ಬಂದಿದ್ದ ದೀಕ್ಷಿತಾ ಗೋಡೆಗೊರಗಿ ನಿಂತು ತಾಯಿಯನ್ನೇ ನೋಡುತ್ತಿದ್ದಳು. ಊಟದ ಸಾಲಿನಲ್ಲಿ ಅವಳು, "Mum, you were shaking" ಎಂದಳು. "ನಡುಗಿದ್ರೂ ಹೇಳಿದ್ನಲ್ಲ" ಎಂದು ಸೇವಂತಿ ಅವಳ ತಟ್ಟೆಗೆ ಪಲ್ಯ ಬಡಿಸಿದಳು.

ಆಮೇಲೆ ಆದದ್ದು ಹೀಗೆ. ಊರಲ್ಲಿ ದಿವಾಕರಣ್ಣ ತರುತ್ತಿದ್ದ ನೆನಪಿನ ಸಂಪುಟದಿಂದ ಸೇವಂತಿಯ ಮಾತನ್ನು ಕೈಬಿಟ್ಟರು. ಸಂಘದವರು ಯುಗಾದಿಗೆ ಅವಳನ್ನು ವೇದಿಕೆಗೆ ಕರೆಯಲಿಲ್ಲ. ಅವಳು ಕರೆಯದೆಯೇ ಹೋಗಿ ಮುಂದಿನ ಸಾಲಿನಲ್ಲಿ ಕೂತು ಹೋಳಿಗೆ ತಿಂದು ಬಂದಳು. ಅಶ್ವಥ್ ಮಾತ್ರ ಒಂದು ದಿನ ಮನೆಗೆ ಬಂದು, "ಓದಬಾರದಿತ್ತು ಅಕ್ಕಾ, ಬಾಯಿ ತಪ್ಪಿತು" ಎಂದ. "ಬಾಯಿ ತಪ್ಪಲಿಲ್ಲ, ಧೈರ್ಯ ತಪ್ಪಿತು. ಕೂತ್ಕೋ, ಕಾಫಿ ಕುಡಿ" ಎಂದಳು.

ದಿವಾಕರಣ್ಣನನ್ನು ಮ್ಯಾಂಚೆಸ್ಟರಿನ ರೈಲಿಗೆ ಹತ್ತಿಸಲು ಅವಳೇ ನ್ಯೂ ಸ್ಟ್ರೀಟ್ ಸ್ಟೇಷನ್ನಿಗೆ ಹೋಗಿದ್ದಳು. ಕಾರ್ಯಕ್ರಮದ ಮರುದಿನ ಅದು. ಇಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದರು. ರೈಲು ತಡವೆಂದು ಬೋರ್ಡಿನಲ್ಲಿ ಬಂದಾಗ ದಿವಾಕರಣ್ಣ ಗಂಟಲು ಸರಿಮಾಡಿಕೊಂಡರು.

"ಆ ಹುಡುಗಿ ಎಂತ ಆದಳು? ನಿನ್ನ ಕೋಣೆಯವಳು."

"ಬೊಝೆನಾ. ಬೇಸಿಗೆಯವರೆಗೆ ಒಳಗಿಟ್ಟರು. ಕಾಲೇಜಿಗೆ ಮತ್ತೆ ಸೇರಿಸ್ಲಿಲ್ಲ. ತಾಯಿಯ ಗಿರಣಿಯಲ್ಲೇ ನೇಯ್ಗೆಗೆ ಕೂತಳು."

"ಈಗ?"

"ಗಿರಣಿ ಇಲ್ಲ ಈಗ. ಹೊಸ ಸರ್ಕಾರ ಬಂದ ಮೇಲೆ ಒಂದೊಂದಾಗಿ ಮುಚ್ಚಿದವು. ಅವಳ ಮಗಳು ಲೀಡ್ಸ್ ಹತ್ತಿರ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾಳೆ."

ದಿವಾಕರಣ್ಣ ಅವಳತ್ತ ಪೂರ್ತಿ ತಿರುಗಿದರು. ಮುಖದಲ್ಲಿ ಗೆದ್ದ ಕಳೆ. "ನೋಡಿದ್ಯಾ? ನಿಮಗೆ ಬೇಕಾದ ಸ್ವಾತಂತ್ರ್ಯ ಬಂತು, ಅನ್ನದ ಗಿರಣಿ ಹೋಯ್ತು. ನಿನ್ನೆ ಅದನ್ನ ಯಾಕೆ ಹೇಳ್ಲಿಲ್ಲ?"

"ಕೇಳಿದ್ದರೆ ಹೇಳ್ತಿದ್ದೆ. ಮುಚ್ಚಿಡೋದಕ್ಕೆ ಅದು ನನ್ನ ಸರ್ಕಾರ ಅಲ್ಲ." ಸೇವಂತಿ ಅವರ ಮಫ್ಲರನ್ನು ಸರಿಮಾಡಿದಳು, ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಕೊರೆಯುತ್ತಿತ್ತು. "ಗಿರಣಿ ಮುಚ್ಚುವಾಗಲೂ ಬೊಝೆನಾ ಬೀದಿಗಿಳಿದಳು ದಿವಾಕರಣ್ಣ. ಹೊಸ ಸರ್ಕಾರದ ಮಂತ್ರಿಯ ಕಾರಿಗೇ ಅಡ್ಡ ಕೂತಳು. ಸೋತಳು. ಆದರೆ ಆ ಸಲ ಅವಳ ಗೆಳತಿಯನ್ನು ಕರೆಸಿ, ಇವಳ ಮೇಲೆ ಚಾಡಿ ಹೇಳು ಅಂತ ಯಾರೂ ಕೇಳ್ಲಿಲ್ಲ. ಸಂಜೆ ಮನೆಗೆ ಹೋಗಿ ಮಲಗಿದಳು, ಮರುದಿನ ಮತ್ತೆ ಬಂದು ಕೂತಳು. ನಾನು ಹೇಳೋ ವ್ಯತ್ಯಾಸ ಅಷ್ಟೇ. ನಿಮಗೆ ಅದು ಸಣ್ಣದು. ನನಗೆ ಅಲ್ಲ."

ರೈಲು ಬಂತು. ದಿವಾಕರಣ್ಣ ಚೀಲ ಹೆಗಲಿಗೇರಿಸಿ, ಮೆಟ್ಟಿಲ ಮೇಲೆ ನಿಂತು, "ನೀನು ಹೇಳಿದ್ದನ್ನ ನಾನು ಒಪ್ಪೋದಿಲ್ಲ" ಎಂದರು.

"ಒಪ್ಪಬೇಡಿ. ಕಾಯಿಲೆ ಅಂತ ಮಾತ್ರ ಇನ್ನೊಮ್ಮೆ ಬರೀಬೇಡಿ."

ಬಾಗಿಲು ಮುಚ್ಚಿಕೊಂಡಿತು. ಸೇವಂತಿ ಗಡಿಯಾರ ನೋಡಿ, ಸೆಲ್ಲಿ ಓಕ್ ಕಡೆಯ ರೈಲಿನ ಪ್ಲಾಟ್‌ಫಾರ್ಮಿಗೆ ಬಿರಬಿರನೆ ನಡೆದಳು. ಮಧ್ಯಾಹ್ನ ಅಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ಪೋಲಿಷ್ ಮುದುಕಿಯ ಕಣ್ಣಿನ ಪರೀಕ್ಷೆ ಇತ್ತು. ಬೇರೆ ಯಾವ ದುಭಾಷಿ ಬಂದರೂ ಆಕೆ ಬಾಯಿ ಬಿಡುತ್ತಿರಲಿಲ್ಲವಂತೆ.